ಸೊಪ್ಪು ಊರು ದಾಟಿತು, ಮಾಡುವ ಕ್ರಮ ದಾಟಿತೇ?

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಮುಂಬಯಿಯ ತುಳುವರ ಮನೆಗಳಲ್ಲಿ, ಸಂಘಗಳಲ್ಲಿ ಹಾಲೆ ಮರದ ತೊಗಟೆಯ ಕಷಾಯ ಹಂಚುತ್ತಾರೆ. ಸಾಮಾನ್ಯವಾಗಿ ಅದೇ ದಿನ ನಮ್ಮ ಮರಾಠಿ ನೆರೆಯವರಿಗೆ ಗಟಾರಿ. ಶ್ರಾವಣ ಹಿಡಿಯುವ ಮುನ್ನ ಕೊನೆಯ ಗುಂಡು, ಕೊನೆಯ ತುಂಡು. ಒಂದೇ ಕಟ್ಟಡದಲ್ಲಿ ಒಂದು ಮನೆಯವರು ಮುಖ ಕಿವುಚಿಕೊಂಡು ಕುಡಿಯುತ್ತಾರೆ, ಇನ್ನೊಂದು ಮನೆಯವರು ನಗುತ್ತ ಕುಡಿಯುತ್ತಾರೆ. ಮುಖ ಕಿವುಚಿಕೊಂಡವರ ಲೋಟದಿಂದಲೇ ಇಂದಿನ ಮಾತು ಶುರು ಮಾಡೋಣ. ಗಿಡಮೂಲಿಕೆಗಳು ಒಂದು ಜನರಿಂದ ಇನ್ನೊಂದು ಜನರಿಗೆ ಹೋಗುವಾಗ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಎಂಬುದು ಈ ಒಂದು ಲೋಟದಲ್ಲೇ ಚೆನ್ನಾಗಿ ಕಾಣುತ್ತದೆ.

ಊರಿನ ಕ್ರಮ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಸೂರ್ಯ ಹುಟ್ಟುವ ಮುನ್ನ ಹೋಗಿ ಹಾಲೆ ಮರದ, ತುಳುವಿನಲ್ಲಿ ಪಾಲೆಯ, ತೊಗಟೆಯನ್ನು ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ಕೀಳುತ್ತಾರೆ. ಹೊರಗಿನ ಒರಟು ಸಿಪ್ಪೆ ಹೆರೆದು, ಒಳಗಿನ ಹಸಿ ಪದರವನ್ನು ಬೆಳ್ಳುಳ್ಳಿ, ಕರಿಮೆಣಸು, ಓಮದ ಜತೆ ಅರೆದು, ಸ್ವಲ್ಪ ನೀರು ಬೆರೆಸಿ, ಬಟ್ಟೆಯಲ್ಲಿ ಹಿಂಡುತ್ತಾರೆ. ಬೆಣಚುಕಲ್ಲನ್ನು ಕೆಂಡದಲ್ಲಿ ಕಾಯಿಸಿ ಆ ರಸಕ್ಕೆ ಹಾಕುತ್ತಾರೆ. ಕೆಲವರು ಒಗ್ಗರಣೆಯನ್ನೂ ಕೊಡುತ್ತಾರೆ. ಖಾಲಿ ಹೊಟ್ಟೆಯಲ್ಲಿ ದೊಡ್ಡವರಿಗೆ ಕಾಲು ಲೋಟ, ಮಕ್ಕಳಿಗೆ ಒಂದೆರಡು ಚಮಚ. ಆಮೇಲೆ ಮೆಂತೆ ಗಂಜಿ. ವರ್ಷಕ್ಕೆ ಒಂದು ದಿನ, ಅಷ್ಟೇ. ಇದರಲ್ಲಿ ಎಷ್ಟು ಸೂಚನೆಗಳಿವೆ ನೋಡಿ: ಯಾವ ಭಾಗ, ಹಸಿಯೋ ಒಣಗಿದ್ದೋ, ಏನು ಬೆರೆಸಬೇಕು, ಎಷ್ಟು ಕುಡಿಯಬೇಕು, ಕುಡಿದ ಮೇಲೆ ಏನು ತಿನ್ನಬೇಕು, ಮತ್ತೆ ಯಾವಾಗ. ಹಾಲೆ ಎಂಬ ಹೆಸರು ಇಡೀ ಔಷಧದ ಆರನೆಯ ಒಂದು ಭಾಗ ಕೂಡ ಅಲ್ಲ.

ಇದರಲ್ಲಿ ಮೊದಲು ತಪ್ಪುವುದು ಮರದ ಗುರುತು. ಮಸುಕು ಬೆಳಕಿನಲ್ಲಿ ತೊಗಟೆ ನೋಡಿ ಮರ ಹೇಳುವುದು ಪಳಗಿದವರಿಗೂ ಕಷ್ಟ. ಕರಾವಳಿಯಲ್ಲಿ ಹಾಲೆಯ ಪಕ್ಕದಲ್ಲೇ ಕಾಸರಕ ಬೆಳೆಯುತ್ತದೆ, ತುಳುವಿನ ಕಾಯೆರ್. ಅದರ ತೊಗಟೆಯಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳಿವೆ. ಅದೂ ಕಹಿಯೇ, ಹಾಗಾಗಿ ನಾಲಿಗೆ ನಿಮ್ಮನ್ನು ಕಾಪಾಡುವುದಿಲ್ಲ. ಕುಡಿದ ಗಂಟೆಯೊಳಗೆ ದವಡೆ ಬಿಗಿಯುತ್ತದೆ, ಮೈ ಸೆಟೆಯುತ್ತದೆ, ಸಣ್ಣ ಸದ್ದಿಗೂ ಸೆಳೆತ ಬರುತ್ತದೆ. ಆಗ ವಾಂತಿ ಮಾಡಿಸಲು ಹೋಗಬೇಡಿ, ಆಸ್ಪತ್ರೆಗೆ ಓಡಿ. ಗುರುತು ಹೀಗೆ: ಹಾಲೆಯ ಎಲೆಗಳು ಒಂದೇ ಗಿಣ್ಣಿನ ಸುತ್ತ ನಾಲ್ಕರಿಂದ ಎಂಟು, ಹೆಚ್ಚಾಗಿ ಏಳು, ಚಕ್ರದಂತೆ ಕೂತಿರುತ್ತವೆ. ಗಾಯ ಮಾಡಿದರೆ ಬಿಳಿ ಹಾಲು ಬರುತ್ತದೆ. ಕಾಯಿ ತೆಳ್ಳಗೆ, ಉದ್ದಕ್ಕೆ, ಜೋಡಿ ಜೋಡಿಯಾಗಿ ಜೋತಾಡುತ್ತದೆ. ಕಾಸರಕದ ಎಲೆಗಳು ಎದುರುಬದುರು ಎರಡೆರಡೇ, ಬುಡದಿಂದ ಮೂರೋ ಐದೋ ನರ ಎದ್ದು ಕಾಣುತ್ತದೆ, ಹಾಲು ಬರುವುದಿಲ್ಲ, ಹಣ್ಣು ಕಿತ್ತಳೆ ಬಣ್ಣದ ಗುಂಡು. ಆದರೆ ಹಾಲು ಬಂತೆಂದು ನಿಶ್ಚಿಂತರಾಗಬೇಡಿ. ಹಳದಿ ಕಣಗಿಲೆಯಲ್ಲೂ ಹಾಲು ಬರುತ್ತದೆ, ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಅಂಚಿನಲ್ಲಿ ಮಾವಿನಕಾಯಿಯಂಥ ಕಾಯಿ ಬಿಡುವ ವಿಷದ ಮರದಲ್ಲೂ ಬರುತ್ತದೆ. ಅವೆರಡೂ ಹೃದಯದ ಮಿಡಿತ ಕೆಡಿಸುವಂಥವು. ಎಲೆಯ ಚಕ್ರ, ಹಾಲು, ಎರಡೂ ಸೇರಿದರೆ ಮಾತ್ರ ಮುಂದಕ್ಕೆ ಹೋಗಿ. ಹಿಂದಿನ ದಿನ ಹಗಲಿನಲ್ಲೇ ಮರ ನೋಡಿ ಗುರುತು ಕಟ್ಟಿಟ್ಟರೆ ಶಾಸ್ತ್ರಕ್ಕೇನೂ ಭಂಗವಿಲ್ಲ.

ಮುಂಬಯಿ, ಪುಣೆಗಳಲ್ಲಿ ಈ ಮರಕ್ಕೆ ಬರವಿಲ್ಲ. ಇಲ್ಲಿ ಸಪ್ತಪರ್ಣಿ ಎನ್ನುತ್ತಾರೆ, ಹಳ್ಳಿಯ ಕಡೆ ಸಾತವೀಣ. ರಸ್ತೆಬದಿಗೆ ಸಾಲುಸಾಲು ನೆಟ್ಟಿದ್ದಾರೆ, ಅಕ್ಟೋಬರ್‌ನಲ್ಲಿ ಹೂ ಬಿಟ್ಟಾಗ ಅರ್ಧ ನಗರ ಆ ಗಾಢ ವಾಸನೆಗೆ ಶಪಿಸುತ್ತದೆ. ಹಾಗೆಂದು ರಸ್ತೆಯ ಮರಕ್ಕೆ ಕಲ್ಲು ಹಿಡಿದುಕೊಂಡು ಹೋಗಬೇಡಿ. ಟ್ರಾಫಿಕ್ಕಿನ ಧೂಳು, ಹೊಗೆ ಆ ತೊಗಟೆಯ ಬಿರುಕುಗಳಲ್ಲಿ ಕೂತಿರುತ್ತದೆ. ಅಲ್ಲದೆ 1975ರ ಮಹಾರಾಷ್ಟ್ರದ ನಗರ ವೃಕ್ಷ ಸಂರಕ್ಷಣಾ ಕಾನೂನು ಇದೆ. ನಿಮ್ಮದೇ ಜಾಗದ ಮರವಾದರೂ ಕಾಂಡದ ಸುತ್ತ ಪೂರ್ತಿ ಉಂಗುರ ಕೀಳಬಾರದು. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಿಂದ, ಉಂಗುರ ಎದ್ದರೆ ಬೇರು ಉಪವಾಸ ಬಿದ್ದು ಮರ ಸಾಯುತ್ತದೆ. ಪಕ್ಕದ ಕೊಂಬೆಯಿಂದ ಎರಡು ಬೆರಳಗಲದ ಉದ್ದುದ್ದ ಪಟ್ಟಿ ತೆಗೆದರೆ ಗಾಯ ಮುಚ್ಚಿಕೊಳ್ಳುತ್ತದೆ.

ಇದೇ ಮರ ಫಿಲಿಪೀನ್ಸಿನಲ್ಲಿ ದಿತಾ. 19ನೇ ಶತಮಾನದಲ್ಲಿ ಮನಿಲಾದ ಔಷಧ ವ್ಯಾಪಾರಿಯೊಬ್ಬ ಇದರ ತೊಗಟೆಯಿಂದ ದಿತಾಯಿನ್ ಎಂಬ ಪದಾರ್ಥ ತೆಗೆದು, ಕ್ವಿನೈನಿಗೆ ಬದಲಿ ಎಂದು ಹೆಸರು ಮಾಡಿದ. ಜ್ವರ ಇಳಿಯುತ್ತದೆ, ನಿಜ. ಮಲೇರಿಯಾದ ಪರೋಪಜೀವಿಯನ್ನು ಕೊಲ್ಲುವ ಶಕ್ತಿ ಇದಕ್ಕೆ ಹೇಳಿಕೊಳ್ಳುವಷ್ಟಿಲ್ಲ ಎಂದು ಮುಂದಿನ ಪರೀಕ್ಷೆಗಳಲ್ಲಿ ಗೊತ್ತಾಯಿತು. ಚೀನಾದ ಯುನ್ನಾನ್ ಪ್ರಾಂತದ ದಾಯ್ ಜನ ತೊಗಟೆಯ ಬದಲು ಎಲೆ ಬಳಸುತ್ತಾರೆ, ಅದೂ ಜ್ವರಕ್ಕಲ್ಲ, ಕೆಮ್ಮಿಗೆ. ಹಾಗಾಗಿ ‘ಇದು ಚೀನಾದಲ್ಲೂ ಔಷಧವಂತೆ’ ಎಂದು ಯಾರಾದರೂ ಮೊಬೈಲ್ ತೋರಿಸಿದರೆ, ಯಾವ ಭಾಗ, ಯಾವ ಕಾಯಿಲೆಗೆ ಎಂದು ಕೇಳಿ. ಬಹುತೇಕ ಚರ್ಚೆ ಅಲ್ಲೇ ಮುಗಿಯುತ್ತದೆ.

ಮಲೇರಿಯಾದ ಮಾತು ಬಂದಿದ್ದರಿಂದ ಚೀನಾದ ಇನ್ನೊಂದು ಗಿಡವನ್ನು ನೋಡೋಣ, ಏಕೆಂದರೆ ಮಾಡುವ ಕ್ರಮ ಎಷ್ಟು ಮುಖ್ಯ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಸಾಕ್ಷಿ ಬೇರೆಲ್ಲೂ ಇಲ್ಲ. ಆರ್ಟಿಮಿಸಿಯಾ ಆನ್ಯುವಾ, ಚೀನೀ ಭಾಷೆಯಲ್ಲಿ ಚಿಂಗ್‌ಹಾವ್. 1967ರ ಮೇ 23ರಂದು ಚೀನಾ ಸರ್ಕಾರ ಮಲೇರಿಯಾ ಔಷಧ ಹುಡುಕುವ ಗುಪ್ತ ಯೋಜನೆ ಶುರು ಮಾಡಿತು, ಆ ತಾರೀಖಿನಿಂದಲೇ ಅದಕ್ಕೆ 523 ಎಂದು ಹೆಸರು. ಆ ಯೋಜನೆಯ ವಿಜ್ಞಾನಿ ತು ಯುಯು ಅವರ ತಂಡ ಹಳೆಯ ವೈದ್ಯಗ್ರಂಥಗಳನ್ನು ಜಾಲಾಡಿ ನೂರಾರು ಸಸ್ಯಗಳ ಸಾರ ತೆಗೆದು ಇಲಿಗಳ ಮೇಲೆ ನೋಡಿತು. ಚಿಂಗ್‌ಹಾವ್ ಒಮ್ಮೆ ಕೆಲಸ ಮಾಡುತ್ತಿತ್ತು, ಇನ್ನೊಮ್ಮೆ ಇಲ್ಲ. ನಾಲ್ಕನೇ ಶತಮಾನದ ಗೆ ಹಾಂಗ್ ಎಂಬ ವೈದ್ಯನ ಪುಸ್ತಕದಲ್ಲಿ ಅದನ್ನು ಮಾಡುವ ಕ್ರಮ ಇತ್ತು: ಒಂದು ಹಿಡಿ ಚಿಂಗ್‌ಹಾವ್, ಎರಡು ಶೆಂಗ್ (ಹಳೆಯ ಚೀನೀ ಅಳತೆ) ನೀರು, ನೆನೆಸಿ ಹಿಂಡಿ ರಸವನ್ನು ಪೂರ್ತಿ ಕುಡಿಯುವುದು. ಕುದಿಸುವ ಮಾತೇ ಇಲ್ಲ. ಚೀನೀ ಔಷಧಗಳಲ್ಲಿ ಹೆಚ್ಚಿನವನ್ನು ಕುದಿಸುತ್ತಾರೆ, ಅದಕ್ಕೇ ಈ ಸಾಲು ತು ಯುಯು ಅವರನ್ನು ತಡೆದು ನಿಲ್ಲಿಸಿತು. ಶಾಖಕ್ಕೆ ಕೆಡುತ್ತಿರಬಹುದೆಂದು, ಸುಮಾರು 35 ಡಿಗ್ರಿಯಲ್ಲೇ ಕುದಿಯುವ ಈಥರಿನಲ್ಲಿ ಸಾರ ತೆಗೆದರು. 1971ರ ಅಕ್ಟೋಬರ್‌ನಲ್ಲಿ 191ನೇ ಮಾದರಿ ಇಲಿಗಳ ರಕ್ತದಿಂದ ಪರೋಪಜೀವಿಯನ್ನು ಪೂರ್ತಿ ಅಳಿಸಿತು. 2015ರಲ್ಲಿ ನೊಬೆಲ್ ಬಂತು.

ಅದರ ಮುಂದಿನ ಭಾಗ ಇನ್ನೂ ಮುಖ್ಯ. ಈ ಗಿಡದಲ್ಲಿ ಮಲೇರಿಯಾದ ಮೇಲೆ ಕೆಲಸ ಮಾಡುವ ಅಂಶ ಆರ್ಟಿಮಿಸಿನಿನ್, ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಈ ಗಿಡದ ಚಹಾ ಕುಡಿದರೆ ಮೈಗೆ ಸೇರುವ ಪ್ರಮಾಣ ಕಡಿಮೆ, ಪ್ರತಿ ಸಲವೂ ಬೇರೆ ಬೇರೆ. ಜ್ವರ ಇಳಿದು, ಉಳಿದ ಪರೋಪಜೀವಿಗಳು ಕೆಲವು ವಾರಗಳಲ್ಲಿ ಮತ್ತೆ ಹೆಚ್ಚುತ್ತವೆ, ಔಷಧಕ್ಕೆ ಒಗ್ಗಿಕೊಳ್ಳುತ್ತವೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಚಹಾ ಬೇಡ ಎನ್ನುತ್ತದೆ. ನಮ್ಮ ದವನ, ಮಾಚಿಪತ್ರೆ ಎರಡೂ ಇದೇ ಕುಲದವು. ದವನವನ್ನು ಜಡೆಗೆ ಮುಡಿಯಿರಿ, ಕೊಲ್ಹಾಪುರದ ಜ್ಯೋತಿಬಾನಿಗೆ ಅರ್ಪಿಸಿ. ಕುಲ ಒಂದೇ ಎಂದ ಮಾತ್ರಕ್ಕೆ ಅದರ ಕಷಾಯದಿಂದ ಮಲೇರಿಯಾ ಗುಣವಾಗುವುದಿಲ್ಲ.

ಆಯುರ್ವೇದದವರು ಮಾಡುವ ಕ್ರಮವನ್ನು ಬಲು ಹಿಂದೆಯೇ ಲೆಕ್ಕ ಹಾಕಿದ್ದರು. ಸ್ವರಸ ಅಂದರೆ ಹಸಿಯದನ್ನು ಹಿಂಡಿದ ರಸ. ಕಲ್ಕ ಅಂದರೆ ಅರೆದ ಮುದ್ದೆ. ಕ್ವಾಥ ಕುದಿಸಿದ್ದು, ಹಿಮ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದ್ದು, ಫಾಂಟ ಬಿಸಿನೀರು ಸುರಿದು ಸೋಸಿದ್ದು. ಹಿಮಕ್ಕೆ ಒಂದು ಪಾಲು ಮೂಲಿಕೆ, ಆರು ಪಾಲು ನೀರು. ಫಾಂಟಕ್ಕೆ ನಾಲ್ಕು ಪಾಲು. ಕ್ವಾಥಕ್ಕೆ ಮೆತ್ತನೆಯ ಸೊಪ್ಪಾದರೆ ನಾಲ್ಕು, ಮಧ್ಯಮವಾದರೆ ಎಂಟು, ಗಟ್ಟಿ ಬೇರು ತೊಗಟೆಗೆ ಹದಿನಾರು ಪಾಲು ನೀರು, ಕಾಲು ಭಾಗಕ್ಕೆ ಇಳಿಯುವವರೆಗೆ ಸಣ್ಣ ಉರಿ. ಇಪ್ಪತ್ತು ಗ್ರಾಂ ಜಜ್ಜಿದ ತೊಗಟೆಗೆ 320 ಎಂಎಲ್ ನೀರು ಹಾಕಿ 80ಕ್ಕೆ ಇಳಿಸಿ, ಲೆಕ್ಕ ಸರಳ. ಪರಿಮಳದ ಎಲೆಯನ್ನು, ತುಳಸಿಯನ್ನೋ ದೊಡ್ಡಪತ್ರೆಯನ್ನೋ, ಅರ್ಧ ಗಂಟೆ ತೆರೆದ ಪಾತ್ರೆಯಲ್ಲಿ ಕುದಿಸಿದರೆ ಎಣ್ಣೆಯೆಲ್ಲ ಅಡುಗೆಮನೆಯ ಗಾಳಿಗೆ ಹೋಗುತ್ತದೆ. ಮನೆ ಘಮ್ಮೆನ್ನುತ್ತದೆ, ಲೋಟದಲ್ಲಿ ಉಳಿಯುವುದು ಹಸಿರು ನೀರು. ಅವಕ್ಕೆ ಫಾಂಟವೇ ಸರಿ, ಹತ್ತು ನಿಮಿಷ ಮುಚ್ಚಿಡಿ. ಶುಂಠಿಯಲ್ಲಿ ಚೀನೀಯರೂ ನಾವೂ ಒಂದೇ ತೀರ್ಮಾನಕ್ಕೆ ಬಂದಿದ್ದೇವೆ: ಹಸಿಯದು ಒಂದು ಔಷಧ, ಒಣಗಿದ್ದು ಇನ್ನೊಂದು. ಒಣಗಿಸಿ ಕಾಯಿಸಿದಾಗ ಜಿಂಜೆರಾಲ್ ಎಂಬ ಅಂಶ ಅದಕ್ಕಿಂತ ಖಾರವಾದ ಶೋಗಾಲ್ ಆಗುತ್ತದೆ. ಒಂದು ಕಿಲೋ ಹಸಿ ಶುಂಠಿ ಒಣಗಿದರೆ ಸುಮಾರು 200 ಗ್ರಾಂ ಸಿಗುತ್ತದೆ, ಆದ್ದರಿಂದ ಒಂದು ಚಮಚ ಹಸಿಯದರ ಜಾಗಕ್ಕೆ ಒಂದು ಚಮಚ ಒಣ ಪುಡಿ ಹಾಕಿದರೆ ಹೊಟ್ಟೆ ಉರಿಯುವುದು ಸಹಜ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಗೋವೆಗೆ ಹೋಗಿಬರೋಣ. ಗಾರ್ಸಿಯಾ ದ ಓರ್ಟಾ ಎಂಬ ಪೋರ್ಚುಗೀಸ್ ವೈದ್ಯ 1534ರಲ್ಲಿ ಗೋವೆಗೆ ಬಂದ. ಮುಂಬಯಿ ದ್ವೀಪವೇ ಅವನ ಗುತ್ತಿಗೆಯಲ್ಲಿತ್ತು. ಇಂದು ಏಷ್ಯಾಟಿಕ್ ಸೊಸೈಟಿಯ ಟೌನ್ ಹಾಲ್ ಇರುವ ಕಡೆಯ ಹಿಂಭಾಗದಲ್ಲಿ ಅವನ ಮನೆ, ತೋಟ ಇದ್ದವು. 1563ರಲ್ಲಿ ಗೋವೆಯಲ್ಲೇ ಅಚ್ಚಾದ ಅವನ ಗ್ರಂಥ ಇಬ್ಬರು ವೈದ್ಯರ ಸಂಭಾಷಣೆಯ ರೂಪದಲ್ಲಿದೆ. ಒಬ್ಬ ಯುರೋಪಿನ ಹಳೆಯ ಗ್ರಂಥಗಳನ್ನು ಎತ್ತಿ ಹೇಳುತ್ತಾನೆ, ಇನ್ನೊಬ್ಬ ‘ಇಲ್ಲಿ ನಾನು ಕಂಡದ್ದು ಹೀಗಲ್ಲ’ ಎನ್ನುತ್ತಾನೆ. ನಡುವೆ ಆಂತೋನಿಯಾ ಎಂಬ ಮನೆಯಾಳು ಹಸಿ ಗಿಡ ತಂದು ಕೊಡುತ್ತಾಳೆ. ನಾಲ್ಕೇ ವರ್ಷಕ್ಕೆ, 1567ರಲ್ಲಿ, ಕ್ಲೂಸಿಯಸ್ ಎಂಬ ವಿದ್ವಾಂಸ ಅದನ್ನು ಲ್ಯಾಟಿನ್ನಿಗೆ ಸಂಗ್ರಹಿಸಿದ. ಯುರೋಪ್ ಓದಿದ್ದು ಬಹುಮಟ್ಟಿಗೆ ಈ ಸಂಗ್ರಹವನ್ನೇ. ಅದರಲ್ಲಿ ಸಂಭಾಷಣೆ ಹೋಯಿತು, ಯಾರು ಯಾರಿಗೆ ಏನು ಹೇಳಿದರೆಂಬುದು ಹೋಯಿತು, ಗಿಡದ ಮಾಹಿತಿ ಮಾತ್ರ ಉಳಿಯಿತು. ಕೊಚ್ಚಿಯಲ್ಲಿ ತಯಾರಾದ ‘ಹೊರ್ತುಸ್ ಮಲಬಾರಿಕಸ್’ ಈ ವಿಷಯದಲ್ಲಿ ವಾಸಿ. 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಾಗಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಬಂದ ಆ ಗ್ರಂಥದ ಮೊದಲ ಸಂಪುಟದಲ್ಲಿ ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ಅವರ ಹೇಳಿಕೆ ಇದೆ. ಜತೆಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರ ಹೇಳಿಕೆಯೂ ಇದೆ, ನಾಗರಿ ಲಿಪಿಯಲ್ಲಿ, ಕೊಂಕಣಿಯಲ್ಲಿ. ಇಲ್ಲಿ ಕೂತಿರುವ ಕೊಂಕಣಿಗರು ಅದನ್ನು ಒಮ್ಮೆ ನೋಡಬೇಕು.

ಈ ಕ್ಲೂಸಿಯಸನ ಹೆಸರು ಮತ್ತೊಂದು ಗಿಡದ ಜತೆಗೂ ಬರುತ್ತದೆ. ಅದು ನಿಮ್ಮ ಮನೆಯ ಮಸಾಲೆ ಡಬ್ಬಿಯ ಪಕ್ಕದಲ್ಲೇ ಇರುವ ಬಜೆ. ಮರಾಠಿಯಲ್ಲಿ ವೇಖಂಡ. 1570ರ ದಶಕದಲ್ಲಿ ತುರ್ಕಿಯ ಕಡೆಯಿಂದ ಬಂದ ಬಜೆಯ ಗೆಡ್ಡೆಯನ್ನು ಅವನು ವಿಯೆನ್ನಾದಲ್ಲಿ ನೆಟ್ಟು ಸ್ನೇಹಿತರಿಗೆ ಹಂಚಿದ. ಉತ್ತರ ಅಮೆರಿಕದ ಕ್ರೀ ಜನ ತಮ್ಮ ನೆಲದ ಬಜೆಯನ್ನು ಗಂಟಲು ನೋವಿಗೆ ಚೂರು ಚೂರಾಗಿ ಅಗಿಯುತ್ತಾರೆ. ನಾವು ಹಸುಗೂಸಿಗೆ ತೇದು ನೆಕ್ಕಿಸುತ್ತೇವೆ. ನೋಡಲು ಮೂರೂ ಒಂದೇ, ರಸಾಯನ ಬೇರೆ. ಬಜೆಯ ಎಣ್ಣೆಯಲ್ಲಿ ಬೀಟಾ ಅಸರೋನ್ ಎಂಬ ಅಂಶ ಇರುತ್ತದೆ. ಪ್ರಯೋಗಾಲಯದ ಇಲಿಗಳಲ್ಲಿ ಅದು ಕ್ಯಾನ್ಸರ್ ಗಡ್ಡೆ ತಂದದ್ದರಿಂದ ಅಮೆರಿಕ 1968ರಲ್ಲಿ ಆಹಾರದಲ್ಲಿ ಬಜೆಯನ್ನು ನಿಷೇಧಿಸಿತು. ವಿಚಿತ್ರವೆಂದರೆ ಅಮೆರಿಕದ ಸ್ವಂತ ಬಜೆಗೆ ವರ್ಣತಂತುಗಳು (ಕ್ರೋಮೋಸೋಮ್) ಎರಡು ಸೆಟ್, ಅದರಲ್ಲಿ ಈ ಅಂಶ ಇಲ್ಲವೇ ಇಲ್ಲ. ಯುರೋಪಿನದಕ್ಕೆ ಮೂರು ಸೆಟ್, ಸ್ವಲ್ಪ ಇದೆ. ಭಾರತದಲ್ಲಿ ಸಿಗುವ ನಾಲ್ಕು ಸೆಟ್ಟಿನ ಬಜೆಯಲ್ಲಿ ಎಣ್ಣೆಯ ಬಹುಪಾಲು ಅದೇ. ಹಾಗಾಗಿ ಕ್ರೀ ಜನ ಅಗಿಯುತ್ತಾರೆಂದು ನಾವು ಅಗಿಯುವಂತಿಲ್ಲ.

ಇದು ಅಜ್ಜಿಯಂದಿರಿಗೆ ಗೊತ್ತಿತ್ತೇ? ವರ್ಣತಂತು ಗೊತ್ತಿರಲಿಲ್ಲ. ಆದರೆ ಎಷ್ಟೋ ಕನ್ನಡ, ತಮಿಳು ಮನೆಗಳಲ್ಲಿ ಬಜೆಯನ್ನು ಹಸಿಯಾಗಿ ತೇಯುವುದಿಲ್ಲ. ಹರಳೆಣ್ಣೆಯಲ್ಲಿ ಅದ್ದಿ, ದೀಪದ ಉರಿಯಲ್ಲಿ ಕರಿಯಾಗುವವರೆಗೆ ಸುಟ್ಟು, ಆ ಕರಿಯನ್ನು ಮಾತ್ರ ತೇಯುತ್ತಾರೆ. ಸುಟ್ಟಾಗ ಆವಿಯಾಗುವ ಎಣ್ಣೆ ಬಹಳಷ್ಟು ಹೋಗುತ್ತದೆ. ಆಯುರ್ವೇದದಲ್ಲೂ ಬಜೆಗೆ ಶೋಧನೆ ಹೇಳಿದ್ದಾರೆ, ಗೋಮೂತ್ರ ಮೊದಲಾದ ದ್ರವಗಳಲ್ಲಿ ಬೇಯಿಸುವುದು. ಈಗ ಮುಂಬಯಿಯ ಕಟ್ಟಡದಲ್ಲಿ ಏನಾಗುತ್ತದೆ ನೋಡಿ. ಬಾಣಂತಿ ಕನ್ನಡದವಳು, ಮಗುವಿಗೆ ಎಣ್ಣೆ ನೀರು ಹಾಕಲು ಬರುವ ಹೆಂಗಸು ಮರಾಠಿಯವಳು. ಅವಳದು ಬಾಳಗುಟಿ: ವೇಖಂಡ, ಜಾಯಿಕಾಯಿ, ಅರಿಶಿನದ ಕೊಂಬು, ಅಳಲೆಕಾಯಿ, ಯಡಮುರಿ, ಅತಿವಿಷ, ಜ್ಯೇಷ್ಠಮಧು, ಶುಂಠಿ, ಬಾದಾಮಿ, ಉತ್ತತ್ತಿ. ಒಂದೊಂದನ್ನೂ ಸಾಣೆಕಲ್ಲಿನ ಮೇಲೆ ತಾಯಿಯ ಹಾಲಿನಲ್ಲಿ ಎಣಿಸಿದಷ್ಟೇ ಸುತ್ತು ತೇಯುತ್ತಾರೆ. ಬಾದಾಮಿಗೆ ಹೆಚ್ಚು ಸುತ್ತು, ವೇಖಂಡ ಜಾಯಿಕಾಯಿಗೆ ಒಂದೋ ಎರಡೋ. ಸುತ್ತಿನ ಎಣಿಕೆಯೇ ಪ್ರಮಾಣ, ಅದು ಒಳ್ಳೆಯ ಅಳತೆಯೇ. ಆದರೆ ಸುಡುವ ಕ್ರಮ ನಮ್ಮದು, ಎಣಿಸುವ ಕ್ರಮ ಅವರದು. ಎರಡು ಮನೆಯ ಪದ್ಧತಿ ಬೆರೆತಾಗ ಹಸಿ ಬಜೆಯನ್ನು ಎಣಿಸದೆ ತೇಯುವವರು ಹುಟ್ಟುತ್ತಾರೆ. ಅಂಗಡಿಯ ಗುಟಿ ಪುಡಿ ಇನ್ನೂ ಕೆಟ್ಟದ್ದು. ತೇದಾಗ ಬರುವುದು ಕೆಲವು ಮಿಲಿಗ್ರಾಂ. ಪುಡಿಯಾದರೆ ಚಮಚದ ತುದಿ ತುಂಬ ಹಾಕಿದರೂ ಅದರ ಹತ್ತಾರು ಪಟ್ಟು. ಜಾಯಿಕಾಯಿ ಹೆಚ್ಚಾದರೆ ಮಗು ಮಂಪರಿಗೆ ಹೋಗುತ್ತದೆ, ಬಜೆ ಹೆಚ್ಚಾದರೆ ವಾಂತಿ. ‘ಮಗು ಚೆನ್ನಾಗಿ ನಿದ್ದೆ ಮಾಡಿತು’ ಎಂಬ ಸಂತೋಷದ ಹಿಂದೆ ಇದೂ ಇರಬಹುದು. ನನ್ನ ಸ್ಪಷ್ಟ ಮಾತು: ಆರು ತಿಂಗಳವರೆಗೆ ತಾಯಿಯ ಹಾಲಿನ ಹೊರತು ಏನೂ ಬೇಡ, ಬಜೆಯೂ ಬೇಡ, ಗುಟಿಯೂ ಬೇಡ. ಇವನ್ನು ಜೇನಿನಲ್ಲಿ ಕೊಡುವುದಂತೂ ಒಂದು ವರ್ಷದವರೆಗೆ ಕೂಡದು, ಜೇನಿನಲ್ಲಿ ಇರಬಹುದಾದ ಬೊಟುಲಿನಂ ಎಂಬ ವಿಷಕಾರಿ ಬ್ಯಾಕ್ಟೀರಿಯಾದ ಬೀಜಾಣು ಎಳೆ ಕರುಳಿನಲ್ಲಿ ಮೊಳೆಯುತ್ತದೆ. ಬಜೆಯ ಚೂರನ್ನು ಬಟ್ಟೆ ಕಪಾಟಿನಲ್ಲಿಡಿ, ಹುಳ ಬರುವುದಿಲ್ಲ.

ಇನ್ನು ಅಮೃತಬಳ್ಳಿ, ಮರಾಠಿಯ ಗುಳವೇಲ್, ಸಂಸ್ಕೃತದ ಗುಡೂಚಿ. ಕೊರೊನಾ ಕಾಲದಲ್ಲಿ ಈ ಬಳ್ಳಿ ಉಳಿದಿದ್ದೇ ಹೆಚ್ಚು. ಸೊಸೈಟಿಯ ಗೋಡೆ, ಬೇವಿನ ಮರ, ಎಲ್ಲಿ ಕಂಡರೂ ಕತ್ತರಿ ಬಿತ್ತು. 2020ರ ಕೊನೆಯ ತಿಂಗಳುಗಳಲ್ಲಿ ಮುಂಬಯಿಯ ಯಕೃತ್ತಿನ ತಜ್ಞರು, ಗುಳವೇಲ್ ಸೇವಿಸಿ ಕಾಮಾಲೆಯಾದ ಆರು ರೋಗಿಗಳನ್ನು ಕಂಡು ಮರು ವರ್ಷ ಪ್ರಕಟಿಸಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದು ಬೇರೆ ಜಾತಿಯ ಬಳ್ಳಿ ಇರಬಹುದು ಎಂದಿತು. ಜಗಳದಲ್ಲಿ ನೀವು ಯಾರ ಪಕ್ಷವೇ ಇರಿ, ಎರಡು ಕಡೆಯವರ ಮಾತಿನಲ್ಲೂ ಕಲಿಯುವುದಿದೆ. ಜಾತಿಯ ಮಾತು ಮೊದಲು. ನಮ್ಮದು ಟಿನೋಸ್ಪೋರಾ ಕಾರ್ಡಿಫೋಲಿಯಾ. ಬಲಿತ ಬಳ್ಳಿಯ ಮೇಲೆ ಕಾಗದದಂಥ ತೆಳು ಸಿಪ್ಪೆ, ಕೆರೆದರೆ ಒಳಗೆ ಹಸಿರು, ಅಡ್ಡ ಕೊಯ್ದರೆ ಗಾಡಿಯ ಚಕ್ರದಂಥ ಗೆರೆಗಳು. ಇನ್ನೊಂದು ಟಿನೋಸ್ಪೋರಾ ಕ್ರಿಸ್ಪಾ, ಥಾಯ್ಲೆಂಡಿನ ಬೊರಪೆಟ್, ಇಂಡೋನೇಷ್ಯಾದ ಬ್ರೊತೊವಾಲಿ. ಅಲ್ಲಿ ಸಕ್ಕರೆ ಕಾಯಿಲೆಗೆ ಬಳಸುತ್ತಾರೆ. ಅದರ ಬಳ್ಳಿಯ ಮೈತುಂಬ ಎದ್ದುಕಾಣುವ ಗಂಟು. ಅದರಿಂದ ಯಕೃತ್ತಿಗೆ ಹಾನಿಯಾದ ದಾಖಲೆ ಮೊದಲಿಂದಲೂ ಇದೆ. ಗಂಟು ಗಂಟಾಗಿದ್ದರೆ ಮುಟ್ಟಬೇಡಿ.

ಎರಡನೆಯದು ಅವಧಿ. ಗ್ರಂಥಗಳಲ್ಲಿ ಗುಡೂಚಿಯನ್ನು ಕೊಡುವುದು ಜ್ವರಕ್ಕೆ, ಲೆಕ್ಕ ಹಾಕಿದ ದಿನಗಳಿಗೆ, ರೋಗಿಯನ್ನು ನೋಡಿ. ಆಯುರ್ವೇದದ ಅಧಿಕೃತ ಔಷಧಕೋಶದಲ್ಲಿ ಪುಡಿ ದಿನಕ್ಕೆ 3ರಿಂದ 6 ಗ್ರಾಂ, ಕಷಾಯಕ್ಕಾದರೆ 20ರಿಂದ 30 ಗ್ರಾಂ ಎಂದಿದೆ. ಕೊರೊನಾದಲ್ಲಿ ಜನ ಜ್ವರವಿಲ್ಲದೆ, ತಿಂಗಳುಗಟ್ಟಲೆ, ಪ್ರತಿದಿನ ಕುಡಿದರು, ಕೆಲವರು ಲವಂಗ ದಾಲ್ಚಿನ್ನಿಗಳ ಕಾಢಾದ ಜತೆ. ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಬಳ್ಳಿ ಇದು. ದೇಹ ತನ್ನ ಯಕೃತ್ತಿನ ಮೇಲೆ ತಾನೇ ತಿರುಗಿಬೀಳುವ ಪ್ರವೃತ್ತಿ ಒಳಗೊಳಗೇ ಇದ್ದವರಲ್ಲಿ, ಥೈರಾಯ್ಡಿನಂಥ ತೊಂದರೆ ಇದ್ದವರಲ್ಲಿ, ಅದು ಹೊರಬಿದ್ದಿರಬಹುದು ಎಂಬುದು ವೈದ್ಯರ ವಿವರಣೆ, ನನಗೆ ಸರಿ ಎನಿಸುತ್ತದೆ. ಆಮವಾತ, ಸೋರಿಯಾಸಿಸ್, ಲೂಪಸ್ ಇದ್ದವರು, ಅಂಗಕಸಿ ಮಾಡಿಸಿಕೊಂಡವರು ಇದನ್ನು ಮನೆಮದ್ದಾಗಿ ಕುಡಿಯಬಾರದು. ಕುಡಿಯುತ್ತಿರುವಾಗ ಮೂತ್ರ ಕಡು ಹಳದಿಯಾದರೆ, ಊಟ ಸೇರದಿದ್ದರೆ, ಮೈ ತುರಿಸಿದರೆ ಅಂದೇ ನಿಲ್ಲಿಸಿ, ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿ.

ಕಾಮಾಲೆ ಅಂದಕೂಡಲೆ ಯಾರೋ ಒಬ್ಬರು ನೆಲನೆಲ್ಲಿ ಎಂದೇ ಎನ್ನುತ್ತಾರೆ. ಮಳೆಗಾಲದಲ್ಲಿ ಕುಂಡ ಕುಂಡದಲ್ಲೂ ಏಳುವ ಕಳೆ, ಮರಾಠಿಯ ಭುಯಿಆವಳಾ. ನಮ್ಮಲ್ಲಿ ಇಡೀ ಗಿಡವನ್ನು ಬೇರು ಸಮೇತ ಅರೆದು ಮಜ್ಜಿಗೆಯಲ್ಲೋ ಹಾಲಿನಲ್ಲೋ ಬೆಳಿಗ್ಗೆ ಕೊಡುತ್ತಾರೆ. ಬ್ರೆಜಿಲ್‌ನಲ್ಲಿ ಇದೇ ಕುಲದ ಗಿಡಕ್ಕೆ ಕಲ್ಲೊಡೆಯುವ ಗಿಡವೆಂದೇ ಹೆಸರು, ಮೂತ್ರಪಿಂಡದ ಕಲ್ಲಿಗೆ ಕಷಾಯ ಮಾಡಿ ಕುಡಿಯುತ್ತಾರೆ. ಎರಡು ಖಂಡ, ಎರಡು ಅಂಗ. 1988ರಲ್ಲಿ ಮದರಾಸಿನ ಸಂಶೋಧಕರು ಹೆಪಟೈಟಿಸ್ ಬಿ ವೈರಸ್ಸನ್ನು ಹೊತ್ತವರಿಗೆ ಇದರ ಪುಡಿ 200 ಮಿಲಿಗ್ರಾಂನಂತೆ ಒಂದು ತಿಂಗಳು ಕೊಟ್ಟು, 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಹೋಯಿತೆಂದು ಪ್ರಕಟಿಸಿದರು. ಜಗತ್ತೆಲ್ಲ ಕಿವಿ ನಿಮಿರಿಸಿತು. ಬೇರೆ ಕಡೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಇಲ್ಲಿಯ ನೀರಿನಿಂದ ಬರುವ ಸಾಮಾನ್ಯ ಕಾಮಾಲೆ, ಹೆಪಟೈಟಿಸ್ ಎ, ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ. ಆ ವಾರಗಳಲ್ಲಿ ನೆಲನೆಲ್ಲಿ ಕುಡಿದವರು ನೆಲನೆಲ್ಲಿಯನ್ನು ಹೊಗಳುತ್ತಾರೆ, ಕಬ್ಬಿನ ಹಾಲು ಕುಡಿದವರು ಕಬ್ಬಿನ ಹಾಲನ್ನು ಹೊಗಳುತ್ತಾರೆ. ಕುಡಿಯುವುದಾದರೆ ಹಸಿರು ಕಾಂಡ, ಎಲೆಯ ಕೆಳಗೆ ಪುಟ್ಟ ತೊಟ್ಟಿನ ನುಣುಪು ಕಾಯಿ ಇರುವುದನ್ನು ಕೀಳಿ. ಕೆಂಪು ಕಾಂಡ, ತೊಟ್ಟಿಲ್ಲದ ಒರಟು ಕಾಯಿ ಇರುವುದು ಅದರ ದಾಯಾದಿ.

ಪರಂಪರೆಯಿಂದ ಬಂದದ್ದು ಸರಿಯಾಗಿ ದಾಟಿದ ಉದಾಹರಣೆಯೂ ಈ ನಗರದಲ್ಲೇ ಇದೆ. ಸರ್ಪಗಂಧಿ, ನಮ್ಮ ಸೂತ್ರನಾಭಿ. ಬಿಹಾರದಲ್ಲಿ ಹುಚ್ಚಿಗೆ ಕೊಡುತ್ತಿದ್ದ ಬೇರು, ಪಶ್ಚಿಮ ಆಫ್ರಿಕದಲ್ಲೂ ಅದೇ ಕುಲದ ಇನ್ನೊಂದು ಗಿಡ ಅದೇ ಕೆಲಸಕ್ಕೆ. ಮುಂಬಯಿಯ ಹೃದಯತಜ್ಞ ರುಸ್ತುಂ ಜಾಲ್ ವಕೀಲ್ ರಕ್ತದೊತ್ತಡದ 50 ರೋಗಿಗಳಿಗೆ ಇದನ್ನು ಕೊಟ್ಟು, ಫಲವನ್ನು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರಿಂದ ರೆಸರ್ಪಿನ್ ಬೇರ್ಪಡಿಸಿದರು. ಮುಂದೆ ಅದರ ಪ್ರಮಾಣ ಮಿಲಿಗ್ರಾಮಿನ ಹತ್ತನೇ ಒಂದು, ಕಾಲು ಭಾಗಗಳಲ್ಲಿ ನಿಂತಿತು, ಹೆಚ್ಚಾದರೆ ಮನಸ್ಸು ಕುಗ್ಗುತ್ತದೆ ಎಂದೂ ಗೊತ್ತಾಯಿತು. ಈಗ ಬೇರನ್ನು ಮನೆಯಲ್ಲಿ ಅರೆದು ಬಿಪಿ ಗುಳಿಗೆಯ ಜತೆ ಕುಡಿಯುವವರಿದ್ದಾರೆ. ಬೇಡ. ವತ್ಸನಾಭಿಯ ವಿಷಯ ಇನ್ನೂ ಖಡಾಖಂಡಿತ. ನಮ್ಮವರು ಗೋಮೂತ್ರದಲ್ಲಿ ನೆನೆಸಿ, ಹಾಲಿನಲ್ಲಿ ಬೇಯಿಸಿ, ಚೀನೀಯರು ಗಂಟೆಗಟ್ಟಲೆ ಕುದಿಸಿ ಅದರ ವಿಷವನ್ನು ಒಡೆಯುತ್ತಾರೆ. ಕುದಿ ಕಡಿಮೆಯಾದರೆ ಹೃದಯದ ಮಿಡಿತ ತಪ್ಪಿ ಸಾವು. ಜಪಾನಿನ ಐನು ಜನ ಅದನ್ನು ಬಾಣದ ತುದಿಗೆ ಹಚ್ಚುತ್ತಿದ್ದರು, ಅಷ್ಟು ಹೇಳಿದರೆ ಸಾಕು.

ಕೊಳ್ಳುವ ವಿಷಯ. ಊರಿನ ಗ್ರಂದಿಗೆ ಅಂಗಡಿಯನ್ನೇ ಇಲ್ಲಿ ಕಾಷ್ಠೌಷಧಿಯ ಅಂಗಡಿ ಎನ್ನುತ್ತಾರೆ. ಪುಡಿ ಕೇಳಬೇಡಿ, ಇಡಿಯಾಗಿ ಕೇಳಿ. ಪುಡಿಯಲ್ಲಿ ಅತಿವಿಷವೋ ಅದರ ಹೆಸರಿನ ಬೇರೆ ಗೆಡ್ಡೆಯೋ ಯಾರಿಗೂ ತಿಳಿಯುವುದಿಲ್ಲ. ಬೇರು ಮುರಿದರೆ ಟಕ್ಕೆಂದು ಮುರಿಯಬೇಕು, ಬಾಗಿದರೆ ತೇವ ಇದೆ ಎಂದರ್ಥ. ಬೂದು, ಹಸಿರು ಬೂಷ್ಟು ಕಂಡರೆ ತೊಳೆದು ಬಳಸುತ್ತೇನೆ ಎನ್ನಬೇಡಿ, ಬೂಷ್ಟಿನ ವಿಷ ಒಳಗಿಳಿದಿರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ನಗರದ ಗಾಳಿಯಲ್ಲಿ ಏನನ್ನೂ ತೆರೆದಿಡುವಂತಿಲ್ಲ, ಆದ್ದರಿಂದ ಮೇ ತಿಂಗಳಲ್ಲಿ ಸ್ವಲ್ಪವೇ ಕೊಂಡು, ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ತುಂಬಿ, ಹೆಸರು ಮತ್ತು ತಿಂಗಳು ಬರೆದಿಡಿ. ಹಳೆಯ ಆಯುರ್ವೇದ ಗ್ರಂಥಕಾರ ಶಾರ್ಙ್ಗಧರನ ಪ್ರಕಾರ ಮೂಲಿಕೆ ಒಂದು ವರ್ಷಕ್ಕೆ, ಪುಡಿ ಎರಡೇ ತಿಂಗಳಿಗೆ ಶಕ್ತಿ ಕಳೆದುಕೊಳ್ಳುತ್ತದೆ. ನಮ್ಮ ಮಳೆಗಾಲಕ್ಕೆ ಆ ಲೆಕ್ಕವೂ ಉದಾರವೇ.

ಸಭೆಯಿಂದ ಬಂದ ಎರಡು ಪ್ರಶ್ನೆಗಳು. ಆಪರೇಷನ್ ಇದ್ದರೆ ಕಷಾಯ ಯಾವಾಗ ನಿಲ್ಲಿಸಬೇಕು? ಎರಡು ವಾರ ಮುಂಚೆ. ಅರಿವಳಿಕೆ ಕೊಡುವ ಡಾಕ್ಟರು ‘ಏನಾದರೂ ಔಷಧ ತಗೊಳ್ತೀರಾ’ ಎಂದಾಗ ‘ಇಲ್ಲ’ ಎನ್ನದೆ ಮೂಲಿಕೆಗಳ ಹೆಸರನ್ನೂ ಹೇಳಿ, ಬೆಳ್ಳುಳ್ಳಿ, ಶುಂಠಿಯ ಕ್ಯಾಪ್ಸೂಲ್ ಕೂಡ. ಇನ್ನೊಂದು, ಒಂದು ಸಲ ಮಾಡಿದ ಕಷಾಯವನ್ನು ಫ್ರಿಜ್ಜಿನಲ್ಲಿಟ್ಟು ವಾರವಿಡೀ ಕುಡಿಯಬಹುದೇ? ಬೇಡ. ಬೆಳಿಗ್ಗೆ ಮಾಡಿದ್ದು ರಾತ್ರಿಯೊಳಗೆ ಮುಗಿಯಬೇಕು. ಮಾಡುವ ಪಾತ್ರೆ ಸ್ಟೀಲಿನದೋ ಮಣ್ಣಿನದೋ ಇರಲಿ, ಅಲ್ಯೂಮಿನಿಯಂ ಬೇಡ. ಅಷ್ಟು ಪುರುಸೊತ್ತಿಲ್ಲದವರು ಒಂದು ವಾರದ ಮೂಲಿಕೆಯನ್ನು ತೂಕ ಮಾಡಿ ಏಳು ಪೊಟ್ಟಣ ಕಟ್ಟಿಟ್ಟುಕೊಳ್ಳಿ. ದಿನಾ ಒಂದನ್ನು ಬಿಚ್ಚಿ ಕುದಿಸಿದರಾಯಿತು.